ಬೆವರಿದ ನೆಲ

ಊರಿನಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವವರು ಯಾರೂ ಉಳಿದಿರಲಿಲ್ಲ. ಗಂಡನ ಕಡೆಯವರಿಗೂ, ಗಾರೆ ಕೆಲಸದವರಿಗೂ, ಹಾರ್ಡ್‌ವೇರ್ ಅಂಗಡಿಯವನಿಗೂ ಅವಳು ಉಜ್ಜಕ್ಕ. ಕಾಂಕ್ರೀಟ್ ನೆಲವನ್ನು ಯಂತ್ರ ಹಿಡಿದು ಉಜ್ಜಿ, ಅದರ ಮೇಲೆ ಎಪಾಕ್ಸಿ ಎಂಬ ರಾಳ ಬಳಿದು, ಹಸಿ ಇರುವಾಗಲೇ ಕ್ವಾರ್ಟ್ಜ್ ಮರಳು ಚೆಲ್ಲಿ ಗಟ್ಟಿ ಹೊದಿಕೆ ಹಾಕುವುದು ಅವಳ ಕಸುಬು. ಉಜ್ಜಲು ನೆಲ ಸಿಗದ ದಿನ ಎದುರಿಗೆ ಸಿಕ್ಕ ಮನುಷ್ಯರನ್ನೇ ಉಜ್ಜುತ್ತಾಳೆ ಎಂಬ ಕಾರಣಕ್ಕೂ ಆ ಹೆಸರು ಅವಳಿಗೆ ಚೆನ್ನಾಗಿ ಅಂಟಿಕೊಂಡಿತ್ತು.

ಊರು ಇದ್ದದ್ದು ಬೆಟ್ಟದ ಮೇಲೆ. ವರ್ಷದಲ್ಲಿ ನಾಲ್ಕು ತಿಂಗಳು ಹಿಮ. ಹಗಲು ಬಿಸಿಲಿಗೆ ಕರಗಿದ ನೀರು ನೆಲದ ಸಣ್ಣ ಬಿರುಕಿಗೆ ಇಳಿಯುವುದು, ಸಂಜೆ ಹೊತ್ತಿಗೆ ಅಲ್ಲೇ ಹೆಪ್ಪುಗಟ್ಟಿ ಉಬ್ಬುವುದು, ಮರುದಿನ ಬಿರುಕು ಒಂದು ಕೂದಲೆಳೆ ಅಗಲವಾಗುವುದು. ರಸ್ತೆಗೆ ಚೆಲ್ಲಿದ ಉಪ್ಪು ಜನರ ಬೂಟಿನಲ್ಲಿ, ಗಾಡಿಯ ಚಕ್ರದಲ್ಲಿ ಮನೆಯೊಳಕ್ಕೆ ಬಂದು ಉಳಿದದ್ದನ್ನು ತಿನ್ನುವುದು. ಇಂಥ ಊರಿನಲ್ಲಿ ಮನೆ ಕಟ್ಟುವವರು ಮೊದಲು ಕಿಟಕಿಯ ಗಾಜಿನ ಬಣ್ಣ ಯೋಚಿಸುತ್ತಾರೆ, ಆಮೇಲೆ ಗೇಟು, ಆಮೇಲೆ ಗೇಟಿನ ಮೇಲಿನ ದೀಪ. ನೆಲ ನೆನಪಾಗುವುದು ಗೃಹಪ್ರವೇಶಕ್ಕೆ ಒಂದು ವಾರ ಇರುವಾಗ. ಆಗ ಉಜ್ಜಕ್ಕನನ್ನು ಕರೆಸಿ, ಬೇಗ ಆಗಬೇಕು, ಕನ್ನಡಿಯ ಹಾಗೆ ಹೊಳೆಯಬೇಕು ಎನ್ನುತ್ತಾರೆ.

"ಕನ್ನಡಿ ಬೇಕಾದ್ರೆ ಗೋಡೆಗೆ ಹಾಕ್ಕೊಳ್ಳಿ. ಮುಖ ನೋಡೋಕೆ ಬಗ್ಗೋ ಕಷ್ಟ ತಪ್ಪುತ್ತೆ" ಎನ್ನುವುದು ಅವಳ ರೂಢಿಯ ಉತ್ತರ.

ಈ ತಾತ್ಸಾರ ಅವಳಿಗೆ ಹುಟ್ಟಿನಿಂದ ಬಂದದ್ದಲ್ಲ. ಇಪ್ಪತ್ತಾರನೇ ವಯಸ್ಸಿನಲ್ಲಿ ಅವಳು ಆಸ್ಪತ್ರೆಯಲ್ಲಿ ನೆಲ ಒರೆಸುತ್ತಿದ್ದಳು. ಅಲ್ಲಿನ ಆಪರೇಷನ್ ಕೋಣೆಗೆ ಹೊಸದಾಗಿ ಹೊದಿಕೆ ಹಾಕಿದ್ದರು. ದಿನಕ್ಕೆ ಮೂರು ಸಲ ಒರೆಸುವವಳ ಕೈಗೆ ಮೂಲೆಯೊಂದರಲ್ಲಿ ಬಟ್ಟೆ ಸಿಕ್ಕಿಕೊಳ್ಳುವುದು ಗೊತ್ತಾಯಿತು. ಬೆರಳಿನಿಂದ ತಟ್ಟಿದರೆ ಟೊಳ್ಳು ಸದ್ದು. ನೋಡಲು ಬಂದ ಇಂಜಿನಿಯರಿಗೆ ಹೇಳಿದಳು.

"ನಿನ್ನ ಕೆಲಸ ಒರೆಸೋದು ತಾನೆ? ಒರೆಸು" ಎಂದು ಆತ ಅವಳು ಒರೆಸಿದ ಜಾಗದ ಮೇಲೆಯೇ ಬೂಟಿನ ಗುರುತು ಮಾಡಿಕೊಂಡು ಹೋದ.

ಎರಡು ತಿಂಗಳಿಗೆ ಆ ಮೂಲೆ ಹಪ್ಪಳದ ಹಾಗೆ ಎದ್ದು ನಿಂತಿತು. ಕೋಣೆಗೆ ಬೀಗ ಬಿತ್ತು. ಎದ್ದದ್ದನ್ನು ಕಿತ್ತು ಸರಿಮಾಡಲು ಬೇರೆ ಊರಿನಿಂದ ಒಂದು ತಂಡ ಬಂತು. ಅದರ ಮೇಸ್ತ್ರಿ ಮುದುಕ, ಒಂದು ಕಿವಿ ಕೇಳಿಸದು. ಎಲ್ಲೆಲ್ಲಿ ಟೊಳ್ಳಿದೆ ಎಂದು ಇವಳು ಪೊರಕೆಯ ಹಿಡಿಯಿಂದ ತಟ್ಟಿ ತೋರಿಸಿದ್ದನ್ನು ನೋಡಿ, "ನಾಳೆಯಿಂದ ನಮ್ ಜೊತೆ ಬಾ. ಒರೆಸೋಕೆ ಬೇರೆ ಯಾರಾದ್ರೂ ಸಿಗ್ತಾರೆ" ಎಂದ. ಅವನ ಕೈಕೆಳಗೆ ಹನ್ನೊಂದು ವರ್ಷ ದುಡಿದಳು. ಕಸುಬಿನ ಜೊತೆ ಇನ್ನೊಂದು ವಿಷಯವನ್ನೂ ಕಲಿತಳು: ಮೊದಲೇ ಗೊತ್ತಿರುವುದರಲ್ಲಿ ಒಂದು ಸುಖವಿದೆ. ಜನ ಕೇಳುವುದಿಲ್ಲ, ಆಮೇಲೆ ಬಾಯಿ ಬಾಯಿ ಬಡಿದುಕೊಳ್ಳುತ್ತಾರೆ, ಆಗ ಸೊಂಟದ ಮೇಲೆ ಕೈಯಿಟ್ಟು ನಿಲ್ಲಬಹುದು.

ಗಂಡ ಗಾರೆಯವನು. ಮೇಲೇರುವ ಕೆಲಸ ಸಾಕಾದ ಮೇಲೆ ಅವಳ ಜೊತೆಗೇ ಬಂದ. ಎರಡು ಡಬ್ಬಿಯ ರಾಳವನ್ನೂ ಗಟ್ಟಿಕಾರಕವನ್ನೂ ಬಕೆಟ್ಟಿನಲ್ಲಿ ಸೇರಿಸಿ, ಗಡಿಯಾರ ನೋಡಿಕೊಂಡು ಸರಿಯಾಗಿ ಮೂರು ನಿಮಿಷ ಕಲಸುವುದು ಅವನ ಪಾಲು. ಕಲಸಿದ್ದನ್ನು ಬಕೆಟ್ಟಿನಲ್ಲೇ ಬಿಟ್ಟರೆ ಅದು ತಾನೇ ಕಾದು, ಹೊಗೆಯಾಡಿ, ಕಲ್ಲಾಗಿಬಿಡುತ್ತದೆ. ಹಾಗಾಗಿ ಅಲ್ಲಿ ಮಾತಿಗೆ ಸಮಯವಿಲ್ಲ. "ಕಲಸಿದೆ", "ಸುರೀಲಾ", "ಆಯ್ತು" ಎಂಬ ಮೂರರಲ್ಲಿ ಅವನ ದಿನ ಮುಗಿಯುತ್ತಿತ್ತು. ಉಜ್ಜಕ್ಕ ಊರಿನವರೆಲ್ಲರ ಮೇಲೆ ಮಾತು ಖರ್ಚು ಮಾಡುತ್ತಿದ್ದುದರಿಂದ ಮನೆಯಲ್ಲಿ ಅಷ್ಟೇ ಸಾಕಾಗುತ್ತಿತ್ತು.

ಇನ್ನು ಮೈದುನ. ಗಂಡನಿಗಿಂತ ಒಂಬತ್ತು ವರ್ಷ ಚಿಕ್ಕವನು. ಮೊದಲು ಪರದೆ ಬಟ್ಟೆ ಮಾರಿದ, ಆಮೇಲೆ ನೀರಿನ ಫಿಲ್ಟರ್ ಮಾರಿದ, ಆಮೇಲೆ ಜನರಿಗೆ ಬೆಳಗಿನ ನಡಿಗೆಯ ಲಾಭ ವಿವರಿಸಿದ. ಅದಕ್ಕೆ ಯಾರೂ ಕಾಸು ಬಿಚ್ಚದಿದ್ದಾಗ, ಬೆಟ್ಟದ ಕೆಳಗಿನ ಪೇಟೆಯಲ್ಲಿ ಯಾವುದೋ ಬಣ್ಣದ ಕಂಪನಿಯವರು ನಡೆಸಿದ ಮೂರು ದಿನದ ತರಬೇತಿಗೆ ಹೋಗಿ ಬಂದ. ವಾಪಸು ಬರುವಾಗ ಕೈಯಲ್ಲಿ ಕಾರ್ಡು, ಕಾರ್ಡಿನ ಮೇಲೆ 'ನೆಲ ತಜ್ಞ' ಎಂಬ ಬಂಗಾರದ ಅಕ್ಷರ.

"ಮೂರ್ ದಿನದಲ್ಲಿ ತಜ್ಞನಾದ್ಯಾ?" ಎಂದಳು ಉಜ್ಜಕ್ಕ ಕಾರ್ಡನ್ನು ಹಿಂದೆ ಮುಂದೆ ತಿರುಗಿಸಿ. "ಊಟ ಕೊಟ್ರಾ?"

"ಎರಡೂ ಹೊತ್ತು ಕೊಟ್ರು ಅತ್ತಿಗೆ."

"ಹಾಗಾದ್ರೆ ತಜ್ಞನಾಗೋಕೆ ಉಳಿದಿದ್ದು ಎರಡೂವರೆ ದಿನ."

ಅವನು ನಕ್ಕ. ಅವನ ಮೇಲೆ ಅವಳಿಗಿದ್ದ ದೊಡ್ಡ ದೂರೇ ಅದು. ಏನಂದರೂ ನಗುತ್ತಿದ್ದ.

ಆ ವರ್ಷ ಚಳಿ ಶುರುವಾಗುವ ಮೊದಲು, ರಸ್ತೆ ತಿರುಗುವ ಕಡೆ ಗುಡ್ಡ ಕಡಿದು ಮೂರಂತಸ್ತಿನ ಲಾಡ್ಜ್ ಎದ್ದಿತು. ಮಾಲೀಕನನ್ನು ಎಲ್ಲರೂ ಸಾಹುಕಾರ ಎನ್ನುತ್ತಿದ್ದರು. ಸಾಹುಕಾರನಾಗಲು ಬೇಕಾದ ಹೊಟ್ಟೆ ಅವನಿಗಿತ್ತು, ಉಂಗುರಗಳಿದ್ದವು, ಮಾತಾಡುವಾಗ ಇನ್ನೊಬ್ಬರ ತಲೆಯ ಮೇಲಿಂದ ಆಚೆ ನೋಡುವ ಅಭ್ಯಾಸವಿತ್ತು. ಕೆಳಗಿನ ಅಂತಸ್ತಿನ ದೊಡ್ಡ ಹಾಲು ಮತ್ತು ಅದರ ಹಿಂದಿನ ಅಡುಗೆಮನೆಗೆ ನೆಲ ಆಗಬೇಕು ಎಂದು ಉಜ್ಜಕ್ಕನನ್ನು ಕರೆಸಿದ. ಫೋನಿನಲ್ಲಿ ಯಾವುದೋ ಅರಮನೆಯಂಥ ಹೋಟೆಲಿನ ಚಿತ್ರ ತೋರಿಸಿ, "ಹೀಗಿರಬೇಕು. ತೂಗುದೀಪ ಎರಡು ಕಾಣಬೇಕು, ಮೇಲೊಂದು, ನೆಲದಲ್ಲೊಂದು" ಎಂದ.

ಉಜ್ಜಕ್ಕ ಚಿತ್ರವನ್ನು ನೋಡಲಿಲ್ಲ. ಚೀಲದಿಂದ ಪ್ಲಾಸ್ಟಿಕ್ ಹಾಳೆ ತೆಗೆದು, ಹಾಲಿನಲ್ಲಿ ಒಂದು ಕಡೆ, ಅಡುಗೆಮನೆಯಲ್ಲಿ ಒಂದು ಕಡೆ, ಕಾಂಕ್ರೀಟಿನ ಮೇಲೆ ಹಾಸಿ ನಾಲ್ಕೂ ಅಂಚಿಗೆ ಟೇಪು ಅಂಟಿಸಿದಳು. "ನಾಳೆ ಇದೇ ಹೊತ್ತಿಗೆ ಬರ್ತೀನಿ. ಯಾರೂ ಮುಟ್ಟಬೇಡಿ" ಎಂದು ಹೇಳಿ ಹೋದಳು.

ಮರುದಿನ ಹಾಳೆಯ ಒಳಗೆಲ್ಲ ನೀರಿನ ಮಣಿ. ಕೆಳಗಿನ ಕಾಂಕ್ರೀಟು ಒದ್ದೆ ಗೋಣಿಯಂತೆ ಕಪ್ಪಾಗಿತ್ತು.

"ನಿಮ್ ನೆಲ ಬೆವರ್ತಾ ಇದೆ ಸಾಹುಕಾರ್ರೇ. ಗುಡ್ಡ ಕಡಿದು ಕಟ್ಟಿದೀರಿ. ನೀರು ಮೊದ್ಲಿನ ದಾರೀಲೇ ಬರ್ತಿದೆ. ಹಿಂದಿನ ಗೋಡೆ ಆಚೆ ಕಾಲುವೆ ತೆಗೆದು ನೀರು ತಿರುಗಿಸಿ, ಉಜ್ಜಿ, ತೇವ ತಡೆಯೋ ಹೊದಿಕೆ ಹಾಕಿ, ಆಮೇಲೆ ಎಪಾಕ್ಸಿ, ಮೇಲೆ ಕ್ವಾರ್ಟ್ಜ್. ಮೂರು ವಾರ ಬೇಕು."

"ಮೂರು ವಾರ? ನನ್ನ ಉದ್ಘಾಟನೆ ಹತ್ತು ದಿನಕ್ಕಿದೆ. ಮರಳು ಬೇರೆ ಹಾಕ್ತೀಯಂತೆ! ಹೊಳೆಯೋ ನೆಲಕ್ಕೆ ಮರಳು ಹಾಕಿ ಒರಟು ಮಾಡೋ ಬುದ್ಧಿ ಯಾರು ಕೊಟ್ಟರಮ್ಮಾ ನಿನಗೆ?"

"ಜಾರಿ ಬಿದ್ದವರು ಕೊಟ್ರು."

"ಯಾರಾದರೂ ಒರಟು ನೆಲದ ಮೇಲೆ ಮದುವೆ ಫೋಟೋ ತೆಗೆಸ್ತಾರಾ?"

ಉಜ್ಜಕ್ಕ ಹಾಳೆ ಕಿತ್ತು ಮಡಚಿ ಚೀಲಕ್ಕೆ ಹಾಕಿದಳು. "ನಿಮಗೆ ನೆಲ ಬೇಡ, ತೂಗುದೀಪಕ್ಕೆ ಜೊತೆ ಬೇಕು. ಅದು ನನ್ನ ಕಸುಬಲ್ಲ" ಎಂದು ನಡೆದೇಬಿಟ್ಟಳು. ಬಾಗಿಲು ದಾಟುವಾಗಲೇ ಅವಳಿಗೆ ಆ ಹಳೆಯ ಸುಖ ಶುರುವಾಗಿತ್ತು.

ನಾಲ್ಕನೇ ದಿನ ಗಂಡ ತಟ್ಟೆಯ ಮುಂದೆ ಕೂತು, ತಿನ್ನುವುದನ್ನು ನಿಲ್ಲಿಸಿ, "ಲಾಡ್ಜಿನ ಕೆಲಸ ತಮ್ಮ ಹಿಡಿದಿದ್ದಾನೆ" ಎಂದ.

"ಹಿಡೀಲಿ."

"ತೇವದ ವಿಷಯ ಅವನಿಗೊಂದು ಮಾತು ಹೇಳಬಹುದಿತ್ತು."

"ತಜ್ಞರಿಗೆ ನಾನೇನು ಹೇಳೋದು? ಮೂರು ದಿನ ಕಲಿತಿದ್ದಾನೆ. ನಾನು ಕಲಿತಿದ್ದು ಬರೀ ಇಪ್ಪತ್ತನಾಲ್ಕು ವರ್ಷ."

ಗಂಡ ಮತ್ತೆ ತಟ್ಟೆಗೆ ಕೈಹಾಕಿದ.

ಮೈದುನ ಉಜ್ಜಲೂ ಇಲ್ಲ, ಗುಡಿಸಿದ ಅಷ್ಟೆ. ಎರಡೇ ದಿನದಲ್ಲಿ ಹಾಲು, ಅಡುಗೆಮನೆ ಎರಡಕ್ಕೂ ಒಂದೇ ಹೊಳಪು ಬಳಿದು ಮುಗಿಸಿದ. ಉದ್ಘಾಟನೆಗೆ ಊರೆಲ್ಲ ಬಂತು, ಉಜ್ಜಕ್ಕನೂ ಹೋದಳು, ಬೇಕೆಂದೇ. ತೂಗುದೀಪ ನಿಜಕ್ಕೂ ಎರಡು ಕಂಡಿತು. ಜನ ನೆಲ ನೋಡಿಕೊಂಡು ತಲೆ ಬಾಚಿಕೊಂಡರು. ಭಾಷಣಕ್ಕೆ ಬಂದಿದ್ದ ದೊಡ್ಡ ಮನುಷ್ಯನೊಬ್ಬ ಹಿಮ ಮೆತ್ತಿದ ಬೂಟಿನಲ್ಲಿ ವೇದಿಕೆಯ ಕಡೆ ಗತ್ತಿನಿಂದ ಬರುತ್ತಾ ಅರ್ಧ ದಾರಿಯಲ್ಲಿ ಎರಡೂ ಕೈ ಎತ್ತಿ ನಾಟ್ಯಕ್ಕೆ ನಿಂತವನಂತೆ ತೂಗಾಡಿದ. ಸಾಹುಕಾರ ಓಡಿ ಹಿಡಿದುಕೊಂಡ. ಆ ಹಿಡಿದುಕೊಂಡದ್ದನ್ನು ಅಪ್ಪುಗೆ ಎಂದುಕೊಂಡು ಫೋಟೋದವನು ಕ್ಲಿಕ್ಕಿಸಿದ, ಜನ ಚಪ್ಪಾಳೆ ಹೊಡೆದರು. ಉಜ್ಜಕ್ಕ ಸೆರಗು ಬಾಯಿಗೆ ಅಡ್ಡ ಹಿಡಿದು ಹೊಟ್ಟೆ ಹುಣ್ಣಾಗುವಷ್ಟು ನಕ್ಕಳು.

ಹೊರಡುವಾಗ ಅಡುಗೆಮನೆಯ ಬಾಗಿಲಲ್ಲಿ ಒಂದು ಕ್ಷಣ ನಿಂತಳು. ಒಳಗೆ ಅಡುಗೆಯಮ್ಮ, ಅರವತ್ತು ದಾಟಿದ ಹೆಂಗಸು, ಸವೆದ ರಬ್ಬರ್ ಚಪ್ಪಲಿಯಲ್ಲಿ, ಬಿಸಿನೀರಿನ ಪಾತ್ರೆ ಹಿಡಿದು ಒಲೆಯಿಂದ ತೊಟ್ಟಿಗೆ ನಡೆಯುತ್ತಿದ್ದಳು. ಕಾಲೆತ್ತದೆ, ತೆವಳಿಸಿಕೊಂಡು. ಉಜ್ಜಕ್ಕನ ಕಣ್ಣು ಮೊದಲು ಚಪ್ಪಲಿಗೆ ಹೋಯಿತು, ಆಮೇಲೆ ನೆಲದ ಮೇಲೆ ಚೆಲ್ಲಿದ ಎಣ್ಣೆಯ ಹನಿಗೆ. ಎಲ್ಲವನ್ನೂ ನೋಡಿದಳು. ನೋಡಿ, ಹೊದಿಕೆ ಎಷ್ಟು ದಿನಕ್ಕೆ ಏಳುತ್ತದೆ ಎಂದು ಲೆಕ್ಕ ಹಾಕುತ್ತಾ ಮನೆಗೆ ಬಂದಳು.

ಆಮೇಲೆ ಒಂದೂವರೆ ತಿಂಗಳು ಅವಳಿಗೆ ಹಬ್ಬ. ಹಾರ್ಡ್‌ವೇರ್ ಅಂಗಡಿಯಲ್ಲಿ, ಮನೆಗೆ ಹಾಲು ಹಾಕುವವನ ಹತ್ತಿರ, ಬಸ್ಸು ಕಾಯುವವರ ಹತ್ತಿರ, "ಹಿಮ ಕರಗೋದ್ರೊಳಗೆ ಸಾಹುಕಾರರ ಕನ್ನಡಿ ಒಡೆಯುತ್ತೆ, ಬೇಕಾದ್ರೆ ಬರೆದಿಟ್ಕೊಳ್ಳಿ" ಎಂದು ಸಾರಿದಳು. ಅವಳು ಹೇಳಿದ ಹಾಗೆಯೇ ಆಯಿತು. ಮೊದಲು ಹಾಲಿನ ಕಿಟಕಿಯ ಹತ್ತಿರ ನೆಲ ಹಳದಿಯಾಯಿತು. ಬೆಟ್ಟದ ಬಿಸಿಲನ್ನು ಬರೀ ಎಪಾಕ್ಸಿ ತಡೆಯದು. ಆಮೇಲೆ ಅಲ್ಲಲ್ಲಿ ಗುಳ್ಳೆ. ಗುಳ್ಳೆ ಒಡೆದು ಸಿಪ್ಪೆ. ಸಾಹುಕಾರ ಸಿಪ್ಪೆ ಎದ್ದ ಕಡೆಗೆಲ್ಲ ಹೂಕುಂಡ ಇಟ್ಟ. ಕುಂಡ ಜಾಸ್ತಿಯಾಗಿ ಜನ ನಡೆಯಲು ಜಾಗ ಕಡಿಮೆಯಾದಾಗ ರತ್ನಗಂಬಳಿ ಹಾಸಿದ. ಅಡುಗೆಮನೆಗೆ ಹೂಕುಂಡವೂ ಇಲ್ಲ, ಕಂಬಳಿಯೂ ಇಲ್ಲ. ಅಲ್ಲಿಗೆ 'ಜಾರುತ್ತದೆ, ಎಚ್ಚರಿಕೆ' ಎಂಬ ಫಲಕ ಮಾಡಿಸಿ, ಮೊಳೆ ಹೊಡೆಸಿ ತೂಗುಹಾಕಿದ. ಅಡುಗೆಯಮ್ಮನಿಗೆ ಓದಲು ಬರುತ್ತಿರಲಿಲ್ಲ.

ಒಂದು ಬೆಳಿಗ್ಗೆ ಗಂಡ ಹೊರಗಿನಿಂದ ಬಂದವನು ಬೂಟು ಬಿಚ್ಚದೆ ಬಾಗಿಲಲ್ಲೇ ನಿಂತ.

"ಅಡುಗೆಯಮ್ಮ ಬಿದ್ದಳಂತೆ. ಸೊಂಟ ಮುರಿದಿದೆ. ಬಿಸಿನೀರು ಕೈಮೇಲೆ ಬಿದ್ದು ತೋಳೆಲ್ಲ ಬೆಂದಿದೆ."

ಉಜ್ಜಕ್ಕನಿಗೆ ಸೊಂಟದ ಮೇಲೆ ಕೈಯಿಡಲು ಆಗಲಿಲ್ಲ. ಕೈಯಲ್ಲಿದ್ದ ಟೀ ಲೋಟವನ್ನು ಎಲ್ಲಿಡಬೇಕೆಂದು ಒಂದು ಗಳಿಗೆ ಹೊಳೆಯಲಿಲ್ಲ.

ಮಧ್ಯಾಹ್ನ ಆಸ್ಪತ್ರೆಗೆ ಹೋದಳು. ಹೆಂಗಸರ ವಾರ್ಡಿನ ಕೊನೆಯ ಮಂಚ. ಅಡುಗೆಯಮ್ಮನ ತೋಳಿಗೆ ಬಿಳಿ ಪಟ್ಟಿ, ಕಾಲಿಗೆ ಭಾರ ಕಟ್ಟಿದ್ದರು. ಕಣ್ಣು ಮಾತ್ರ ಚುರುಕಾಗಿತ್ತು.

"ನೀನೇ ಅಲ್ವಾ ಆ ನೆಲದವಳು? ಬಾ, ಕೂತ್ಕೋ."

ಕೂತಳು. ತಂದಿದ್ದ ಕಿತ್ತಳೆಯನ್ನು ಸುಮ್ಮನೆ ಸುಲಿಯತೊಡಗಿದಳು.

"ಸಾಹುಕಾರ ಬಂದಿದ್ರಾ?" ಎಂದು ಕೇಳಿದಳು, ಏನಾದರೂ ಕೇಳಬೇಕಲ್ಲ ಎಂದು.

"ಬಂದಿದ್ದ. 'ಬೋರ್ಡ್ ಹಾಕಿದ್ನಲ್ಲಮ್ಮಾ' ಅಂದ. ಹೋದ." ಅಡುಗೆಯಮ್ಮ ತಲೆದಿಂಬಿನ ಮೇಲೆ ಮುಖ ತಿರುಗಿಸಿದಳು. "ಆ ನೆಲ ಹೀಗೆ ಆಗುತ್ತೆ ಅಂತ ನಿಂಗೆ ಮೊದ್ಲೇ ಗೊತ್ತಿತ್ತಂತೆ. ಹಾಲಿನವನು ಹೇಳ್ದ."

"ಗೊತ್ತಿತ್ತು. ಸಾಹುಕಾರನಿಗೆ ಹೇಳ್ದೆ. ಕೇಳ್ಲಿಲ್ಲ."

"ಅವನ್ಯಾಕೆ ಕೇಳ್ತಾನೆ? ಅವನು ಅಡುಗೆಮನೇಲಿ ಓಡಾಡ್ತಾನಾ? ನಂಗೆ ಹೇಳ್ಬೇಕಿತ್ತು ತಾಯೀ. ಬೇರೆ ಚಪ್ಪಲಿ ಹಾಕ್ಕೋತಿದ್ದೆ. ನಾಲ್ಕು ಗೋಣಿತಟ್ಟು ಹಾಸ್ಕೋತಿದ್ದೆ."

ಧ್ವನಿಯಲ್ಲಿ ಸಿಟ್ಟಿರಲಿಲ್ಲ. ಉಪ್ಪು ಒಂದು ಚಿಟಿಕೆ ಕಮ್ಮಿಯಾಯಿತು ಎಂದು ಹೇಳುವ ಹಾಗೆ ಹೇಳಿದಳು. ಉಜ್ಜಕ್ಕ ಸುಲಿದ ಕಿತ್ತಳೆಯ ತೊಳೆಗಳ ಮೇಲಿನ ಬಿಳಿ ನಾರನ್ನು ಒಂದೊಂದೇ ತೆಗೆಯುತ್ತಾ ಅರ್ಧ ಗಂಟೆ ಕೂತಿದ್ದಳು. ಹಾಲಿನವನಿಗೆ ಹೇಳಿದ್ದೆ. ಬಸ್ಸು ಕಾಯುವವರಿಗೆ ಹೇಳಿದ್ದೆ. ಆ ನೆಲದ ಮೇಲೆ ದಿನವಿಡೀ ನಡೆಯುವ ಒಬ್ಬಳನ್ನು ಬಿಟ್ಟು ಊರಿಗೆಲ್ಲ ಹೇಳಿದ್ದೆ. ಒರೆಸುವವಳ ಮಾತು ಕೇಳದ ಇಂಜಿನಿಯರಿಗೂ, ಅಡುಗೆಯವಳಿಗೆ ಮಾತೇ ಹೇಳದ ತನಗೂ ಏನು ವ್ಯತ್ಯಾಸ ಎಂದು ಯೋಚಿಸಿದಳು. ಅವನು ಬೂಟು ಹಾಕಿದ್ದ ಎಂಬುದೊಂದೇ ಹೊಳೆಯಿತು.

ಮರುದಿನ ಕರೆಯದೆಯೇ ಲಾಡ್ಜಿಗೆ ಹೋದಳು. ಸಾಹುಕಾರ ಹೂಕುಂಡಗಳ ನಡುವೆ ನಿಂತಿದ್ದ.

"ಬಂದೆಯಾ? ನಾನೇ ಹೇಳಿ ಕಳಿಸೋಣ ಅಂತಿದ್ದೆ. ಮುಂದಿನ ತಿಂಗಳು ಮದುವೆ ಪಾರ್ಟಿ ಇದೆ. ಹಾಲ್ ಸರಿಮಾಡು."

"ಮೊದಲು ಅಡುಗೆಮನೆ."

"ಅಡುಗೆಮನೆ ಯಾರು ನೋಡ್ತಾರೆ?"

"ಅದಕ್ಕೇ ಮೊದಲು. ಆರು ದಿನ ಒಲೆ ಹಚ್ಚೋ ಹಾಗಿಲ್ಲ. ಹಿಂದಿನ ಗೋಡೆ ಆಚೆ ಕಾಲುವೆ ಇವತ್ತೇ ಶುರುವಾಗಬೇಕು. ಆಗಲ್ಲ ಅಂದ್ರೆ ಹೇಳಿ, ನಿಮ್ ಮದುವೆ ಪಾರ್ಟಿಯವರ ಮನೆಗೆ ನಾನೇ ಹೋಗಿ, ಮದುಮಗಳಿಗೆ ಯಾವ ಚಪ್ಪಲಿ ಹಾಕಿಸಬೇಕು ಅಂತ ಹೇಳಿಬರ್ತೀನಿ."

"ಆರು ದಿನ ಒಲೆ ಹಚ್ಚದಿದ್ರೆ ಗಿರಾಕಿಗಳು ಏನು ತಿಂತಾರೆ?"

"ತೂಗುದೀಪ ನೋಡ್ತಾ ಕೂರ್ಲಿ. ಎರಡಿದೆಯಲ್ಲ."

ಸಾಹುಕಾರ ಅಂದು ಮೊದಲ ಸಲ ಅವಳ ತಲೆಯ ಮೇಲಿಂದ ಆಚೆ ನೋಡದೆ ಮುಖ ನೋಡಿದ. ಮದುವೆ ಪಾರ್ಟಿಯವರ ಮನೆಗೆ ಅವಳು ಖಂಡಿತ ಹೋಗುತ್ತಾಳೆ ಎಂಬುದು ಆ ಮುಖದಲ್ಲಿ ಬರೆದಿತ್ತು. ಒಪ್ಪಿಕೊಂಡ.

ಅಲ್ಲಿಂದ ನೇರ ಮೈದುನನ ಮನೆಗೆ. ಸುದ್ದಿ ಕೇಳಿದಾಗಿನಿಂದ ಅವನು ಹೊರಗೆ ಬಂದಿರಲಿಲ್ಲ. ಗಡ್ಡ ಬೋಳಿಸದೆ, ಮೂಲೆಯ ಕುರ್ಚಿಯಲ್ಲಿ ಕೂತಿದ್ದ. ನಗಲಿಲ್ಲ.

"ನಾನು ಅಡುಗೆಯಮ್ಮನ್ನ ಕೊಂದೇಬಿಡ್ತಿದ್ದೆ ಅತ್ತಿಗೆ."

"ಅದರಲ್ಲಿ ನಂದೂ ಅರ್ಧ ಪಾಲಿದೆ. ಪೂರ್ತಿ ನೀನೇ ತಗೋಬೇಡ, ದುರಾಸೆ." ಅವಳು ಮೊಣಕಾಲು ಪಟ್ಟಿಯ ಜೊತೆಯೊಂದನ್ನು ಅವನ ಮಡಿಲಿಗೆ ಎಸೆದಳು. "ಕಟ್ಕೋ. ನೀನು ಬಳಿದಿದ್ದನ್ನ ನೀನೇ ಕೀಳ್ಬೇಕು."

ಎರಡು ದಿನ ಅವನು ಮಂಡಿಯೂರಿ ಕಿತ್ತ. ಸಿಪ್ಪೆ ಕೆಲವು ಕಡೆ ಕಾಗದದಂತೆ ಬಂತು, ಕೆಲವು ಕಡೆ ಉಳಿ ಹಾಕಿದರೂ ಬರಲಿಲ್ಲ. ಅವಳು ಉಜ್ಜುವ ಯಂತ್ರ ಹಿಡಿದು, ಬಿಳಿ ದೂಳಿನಲ್ಲಿ ಮುಳುಗಿ, ಕಾಂಕ್ರೀಟಿನ ಒಳಗಿನ ಜಲ್ಲಿಕಲ್ಲು ಕಾಣುವವರೆಗೆ ಉಜ್ಜಿದಳು. ಕಾಲುವೆಗೆ ಗುಡ್ಡದ ನೀರು ತಿರುಗಿತು. ಕೋಣೆ ಬೆಚ್ಚಗಾಗಲು ನಾಲ್ಕು ಹೀಟರ್ ಇಡಿಸಿದಳು. ಚಳಿಯಲ್ಲಿ ಎಪಾಕ್ಸಿ ಗಟ್ಟಿಯಾಗದೆ ಅಂಟಾಗಿಯೇ ಉಳಿಯುತ್ತದೆ. ಮತ್ತೆ ಪ್ಲಾಸ್ಟಿಕ್ ಹಾಳೆ ಅಂಟಿಸಿ ಒಂದು ದಿನ ಕಾದು, ಮಣಿ ಕಟ್ಟಿಲ್ಲವೆಂದು ನೋಡಿಕೊಂಡು, ತೇವ ತಡೆಯುವ ಹೊದಿಕೆ ಎಳೆದಳು.

ಐದನೇ ದಿನ ಮುಖ್ಯ ಕೆಲಸ. ಗಂಡ "ಕಲಸಿದೆ" ಎಂದ, ಸುರಿದ. ಅವಳು ಹೆಜ್ಜೆ ಮೂಡದಂತೆ ಅಡಿಯಲ್ಲಿ ಮುಳ್ಳಿರುವ ಬೂಟು ಹಾಕಿಕೊಂಡು ಹಸಿ ಎಪಾಕ್ಸಿಯ ಮೇಲೆ ನಡೆಯುತ್ತಾ ರಬ್ಬರ್ ಪಟ್ಟಿಯಿಂದ ಹರಡಿದಳು. ಅವಳ ಹಿಂದೆ ಮೈದುನ, ಅದೇ ಥರದ ಬೂಟಿನಲ್ಲಿ, ಸೊಂಟಕ್ಕೆ ಮರಳಿನ ಬುಟ್ಟಿ ಕಟ್ಟಿಕೊಂಡು.

"ಮುದ್ದೆ ಮುದ್ದೆ ಎಸೀಬೇಡ. ಮೇಲಕ್ಕೆ ತೂರು, ಮಳೆ ಥರ ಬೀಳ್ಲಿ. ನೆಲ ಸಾಕು ಅನ್ನೋವರೆಗೂ ಹಾಕ್ತಾ ಇರು."

"ಸಾಕು ಅಂತ ನೆಲ ಹೇಗೆ ಹೇಳುತ್ತೆ?"

"ಮರಳು ಒದ್ದೆಯಾಗೋದು ನಿಲ್ಲುತ್ತೆ. ನೋಡ್ತಾ ಇರು."

ಅವನು ತೂರಿದ. ಅವಳು ಬೈಯಲು ಸಿದ್ಧವಾಗಿಯೇ ಹಿಂದಿರುಗಿ ನೋಡಿದಳು. ಮಣಿಕಟ್ಟಿನ ಒಂದು ಸಣ್ಣ ತಿರುವಿನಲ್ಲಿ ಮರಳು ಬೀಸಣಿಗೆಯಂತೆ ಬಿಚ್ಚಿಕೊಂಡು, ಒಂದು ಕಡೆ ಹೆಚ್ಚಿಲ್ಲ, ಒಂದು ಕಡೆ ಕಡಿಮೆಯಿಲ್ಲ, ಸಮನಾಗಿ ಇಳಿಯುತ್ತಿತ್ತು. ಅವಳಿಗೆ ಈ ಕೈ ಬರಲು ನಾಲ್ಕು ವರ್ಷ ಹಿಡಿದಿತ್ತು. ಪರದೆ ಮಾರಿದವನು, ಫಿಲ್ಟರ್ ಮಾರಿದವನು, ನಡಿಗೆ ಮಾರಿದವನು!

"ಹೇಗಿದೆ ಅತ್ತಿಗೆ?"

"ಬಾಯಿ ಮುಚ್ಕೊಂಡು ಹಾಕು" ಎಂದಳು. ಬಕೆಟ್ಟಿನ ಹತ್ತಿರ ನಿಂತಿದ್ದ ಗಂಡ ಮುಖ ಆಚೆ ತಿರುಗಿಸಿಕೊಂಡ. ಅವನ ಭುಜ ಮಾತ್ರ ಅಲುಗುತ್ತಿತ್ತು.

ಹೆಚ್ಚಿನ ಮರಳು ಗುಡಿಸಿ, ಮೇಲಿನ ಪದರ ಬಳಿದು, ಆರನೇ ದಿನ ಮುಗಿಸಿದರು. ಹಾಲಿನ ಕೆಲಸ ಅದಾದ ಮೇಲೆ ಆಯಿತು. ಅದಕ್ಕೂ ಕ್ವಾರ್ಟ್ಜ್, ಬಿಸಿಲು ತಡೆಯುವ ಪದರ ಬೇರೆ. ಸಾಹುಕಾರ ಮದುವೆ ಪಾರ್ಟಿಯವರಿಗೆ, "ಜಾರದ ನೆಲ, ನಂದೇ ಐಡಿಯಾ" ಎಂದು ವಿವರಿಸುತ್ತಿದ್ದುದನ್ನು ಉಜ್ಜಕ್ಕ ತನ್ನ ಕಿವಿಯಾರೆ ಕೇಳಿದಳು. ಉಪಕರಣ ತುಂಬಿಕೊಳ್ಳುತ್ತಾ, "ಪಾಪ, ಅಷ್ಟು ದೊಡ್ಡ ತಲೇಲಿ ಏನಾದ್ರೂ ಇರ್ಲೇಬೇಕಲ್ಲ" ಎಂದಳು, ಅವನಿಗೆ ಕೇಳುವ ಹಾಗೆ.

ಅಡುಗೆಯಮ್ಮ ಮೂರೂವರೆ ತಿಂಗಳ ಮೇಲೆ ಕೋಲೂರಿಕೊಂಡು ಬಂದಳು. ದೊಡ್ಡ ಪಾತ್ರೆ ಎತ್ತುವುದು ಇನ್ನು ಅವಳಿಂದ ಆಗದು. ಒಲೆಯ ಪಕ್ಕ ಸ್ಟೂಲಿನ ಮೇಲೆ ಕೂತು ಬೇರೆಯವರಿಂದ ಮಾಡಿಸುತ್ತಾಳೆ. ಮುರಿದದ್ದು ಪೂರ್ತಿ ಕೂಡಲಿಲ್ಲ. ಉಜ್ಜಕ್ಕ ಎಷ್ಟು ಉಜ್ಜಿದರೂ ಆ ಒಂದು ಸಂಗತಿ ಹಾಗೆಯೇ ಉಳಿಯಿತು, ಅದು ಅವಳಿಗೆ ಗೊತ್ತು. ಈಗ ಯಾವ ಮನೆಗೆ ಕೆಲಸ ನೋಡಲು ಹೋದರೂ ಮಾಲೀಕರನ್ನು ದಾಟಿ ಒಳಗೆ ಹೋಗಿ, ಒರೆಸುವವರು ಯಾರು, ಪಾತ್ರೆ ಹೊರುವವರು ಯಾರು ಎಂದು ಕೇಳಿ, ಅವರಿಗೆ ಮೊದಲು ಹೇಳುತ್ತಾಳೆ. ಮಾಲೀಕರಿಗೆ ಆಮೇಲೆ, ಬೈಗುಳ ಸೇರಿಸಿ. ಮೈದುನ ಅವಳ ಜೊತೆಗೇ ಇದ್ದಾನೆ. ಕಾರ್ಡು ಇನ್ನೂ ಹಂಚುತ್ತಾನೆ.

ಮೊನ್ನೆ ಲಾಡ್ಜಿನ ಮುಂದೆ ಹಾದುಹೋಗುವಾಗ ಅಡುಗೆಯಮ್ಮ ಹಿಂದಿನ ಬಾಗಿಲಿನಿಂದ ಕೂಗಿ ಕರೆದಳು.

"ಏನ್ ನೆಲ ಹಾಕಿದೀಯೇ ನೀನು! ಒರೆಸೋ ಬಟ್ಟೆ ವಾರಕ್ಕೆ ಚಿಂದಿಯಾಗುತ್ತೆ. ಬಿದ್ದ ಕಾಳು ಆರಿಸೋಕೆ ಹೋದ್ರೆ ಉಗುರು ಸವೆಯುತ್ತೆ. ನಾಯಿ ನಾಲಿಗೆ ಇದಕ್ಕಿಂತ ನುಣುಪಾಗಿರುತ್ತೆ!"

"ಜಾರುತ್ತಾ?" ಎಂದಳು ಉಜ್ಜಕ್ಕ.

"ಜಾರೋದಾ? ಈ ಜನ್ಮದಲ್ಲಿ ಇಲ್ಲ. ಕೋಲು ಊರಿದ್ರೆ ಕೋಲೇ ಸವೀತಿದೆ!"

"ಹಾಗಾದ್ರೆ ಇನ್ನೊಂದು ಕೋಲು ತಗೋ, ಬಾಯಿ ಮಾಡಬೇಡ" ಎಂದು ಉಜ್ಜಕ್ಕ ಅಲ್ಲಿಯೇ ಮೆಟ್ಟಿಲ ಮೇಲೆ ಕೂತಳು. ಅಡುಗೆಯಮ್ಮ ಒಳಗಿನಿಂದ ಟೀ ತರಿಸಿದಳು. ಇಬ್ಬರೂ ಸೇರಿ ಸಾಹುಕಾರನನ್ನು ಬೈಯುತ್ತಾ ಕುಡಿದರು.